ಹೊತ್ತಿನ ಬೆಲೆ

ಕಾಲವನ್ನು ಹೇಳುವುದಕ್ಕೆ ಕನ್ನಡದಲ್ಲಿ ಮಾತುಗಳಿಗೆ ಬಡತನವಿಲ್ಲ. ಕಾಲ, ಸಮಯ, ವೇಳೆ ಎಂಬಿವು ಸಂಸ್ಕೃತದಿಂದ ಬಂದು ನೆಲೆಸಿದುವು. ಪುರಸೊತ್ತು ಎಂಬುದು ದೂರದ ದೇಶದಿಂದ ಬಂದು ಮನೆಮಾತಾಯಿತು. ಗಳಿಗೆಯು ಪಂಚಾಂಗದೊಡನೆ ಬಂದು ಇಪ್ಪತ್ತನಾಲ್ಕು ನಿಮಿಷಗಳ ಅಳತೆಯಾಗಿ ನಿಂತಿತು. ಆದರೆ ನೇಗಿಲಿನ ಹಿಂದೆ ನಡೆದವರ ಮಾತು ಹೊತ್ತು. ಹಳಗನ್ನಡದ ಪೊೞ್ತು ಸವೆದು ಸವೆದು ಹೊತ್ತಾಯಿತು. ಹೊತ್ತೆಂದರೆ ಸಮಯ, ಹೊತ್ತೆಂದರೆ ಸೂರ್ಯನೂ ಹೌದು. ಹೊತ್ತು ಮೂಡಿತು, ಹೊತ್ತು ನೆತ್ತಿಗೇರಿತು, ಹೊತ್ತು ಮುಳುಗಿತು ಎಂದು ಹೇಳುವ ಒಕ್ಕಲಿಗನಿಗೆ ಕಾಲವು ಗೋಡೆಯ ಮೇಲೆ ತೂಗುವ ಯಂತ್ರವಲ್ಲ, ತಲೆಯ ಮೇಲೆ ನಡೆಯುವ ಬೆಳಕು. ಕಿವಿಗೆ ಇದೇ ದನಿಯಾಗಿ ಕೇಳುವ ಬೇರೆ ಎರಡು ಮಾತುಗಳೂ ಉಂಟು. ಹೊರೆಯನ್ನು ಹೊತ್ತು ನಡೆದನು ಎನ್ನುವಾಗ ಒಂದು. ಒಲೆಯು ಹೊತ್ತಿಕೊಂಡಿತು ಎನ್ನುವಾಗ ಇನ್ನೊಂದು. ಇವುಗಳ ಮೂಲವು ಬೇರೆಬೇರೆಯಾದರೂ, ಬೆಳಕು, ಭಾರ, ಬೆಂಕಿ ಈ ಮೂರನ್ನೂ ಒಂದೇ ದನಿಯಲ್ಲಿ ನೆನಪಿಗೆ ತರುವ ಇಂತಹ ಮಾತು ದೊರೆಯುವುದು ಅಪರೂಪ.

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ, ಯಲಹಂಕದ ಮಗ್ಗುಲಿಗಿರುವ ಅಟ್ಟೂರಿನಲ್ಲಿ ವಾಸವಾಗಿರುವ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಈ ಮಾತಿನ ಮೂರು ಮುಖಗಳೂ ಒಂದೇ ವರ್ಷದಲ್ಲಿ ಪರಿಚಯವಾದುವು. ಅವರದು ಎರಡು ತಲೆಮಾರುಗಳಿಂದ ಕ್ರೈಸ್ತ ಮನೆತನ. ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಪಾಠ ಹೇಳಿ, ಹೆಂಡತಿಯನ್ನು ಮಣ್ಣಿಗೊಪ್ಪಿಸಿ, ಮಗ ಸೊಸೆಯರೊಡನೆ ಶಾಂತವಾಗಿ ದಿನಗಳನ್ನು ಕಳೆಯುತ್ತಿದ್ದರು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ದಿನ ಕೆರೆಯ ಏರಿಯ ಮೇಲೆ ಅಡ್ಡಾಡುತ್ತಿರುವಾಗ ಎದೆ ಬಿಗಿಯಿತು. ವೈದ್ಯರು ಪರೀಕ್ಷಿಸಿ, ಹೃದಯವು ದುರ್ಬಲವಾಗಿದೆಯೆಂದೂ, ಔಷಧಿಯಿಂದ ಕೆಲವು ಕಾಲ ನಡೆಯಬಹುದೆಂದೂ ಹೇಳಿದರು. ಕೆಲವು ಕಾಲವೆಂದರೆ ಎಷ್ಟೆಂದು ಉಪಾಧ್ಯಾಯರು ಕೇಳಲಿಲ್ಲ, ವೈದ್ಯರೂ ಹೇಳಲಿಲ್ಲ. ಮನುಷ್ಯನ ಆಯುಸ್ಸು ಎಪ್ಪತ್ತು ವರ್ಷವೆಂದೂ, ಬಲವಿದ್ದರೆ ಎಂಬತ್ತೆಂದೂ ಎಣಿಸಿ, ದಿನಗಳನ್ನು ಲೆಕ್ಕವಿಡುವ ಬುದ್ಧಿಯನ್ನು ಕೊಡೆಂದು ದೇವರನ್ನು ಬೇಡುವ ತೊಂಬತ್ತನೆಯ ಕೀರ್ತನೆಯನ್ನು ಅವರು ಬಾಲ್ಯದಿಂದ ಬಲ್ಲರು. ಎಪ್ಪತ್ತು ವರ್ಷವೆಂದರೆ ಇಪ್ಪತ್ತೈದು ಸಾವಿರದ ಐನೂರ ಐವತ್ತು ದಿನಗಳು. ಆ ಲೆಕ್ಕದಂತೆ ಅವರ ಗಂಟು ಆಗಲೇ ಕರಗಿಹೋಗಿತ್ತು. ಬರುವ ಪ್ರತಿದಿನವೂ ಮೇಲ್ಬಡ್ಡಿ.

ಅವರಿಗೊಂದು ಹಳೆಯ ಆಸೆಯಿತ್ತು. ಅಟ್ಟೂರು ಸುತ್ತಿನ ಹಳ್ಳಿಗಳು ಹೊಲಗದ್ದೆಗಳಾಗಿದ್ದ ಕಾಲವನ್ನು ಅವರು ಕಂಡವರು. ೨೦೦೭ರಲ್ಲಿ ಯಲಹಂಕದ ನಗರಸಭೆಯು ಬೆಂಗಳೂರು ಮಹಾನಗರದೊಳಗೆ ಸೇರಿತು. ಮರುವರ್ಷವೇ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆಯಿತು. ಹೊಲಗಳು ನಿವೇಶನಗಳಾದುವು, ನಿವೇಶನಗಳ ಮೇಲೆ ಅಂತಸ್ತುಗಳೆದ್ದುವು. ಭೂಮಿಯೊಡನೆ ಮಾತುಗಳೂ ಕೈಬಿಟ್ಟುಹೋದುವು. ಬೀಜ ಬಿತ್ತುವ ಕೂರಿಗೆ, ಎಳೆಯ ಪೈರಿನ ನಡುವೆ ಎಳೆಯುವ ಹಲುಬೆ, ರಾಗಿಯ ಸಾಲುಗಳ ಮಧ್ಯೆ ಅವರೆ, ತೊಗರಿ, ಹುಚ್ಚೆಳ್ಳುಗಳಿಗಾಗಿ ಬಿಡುವ ಅಕ್ಕಡಿ, ತೆನೆಯ ಮೇಲೆ ಉರುಳಿಸುವ ಕಲ್ಲುಗುಂಡು, ಧಾನ್ಯವನ್ನು ಹುಗಿದಿಡುವ ಹಗೇವು, ಕೆರೆಯ ತೂಬನ್ನು ಕಾಯುವ ನೀರುಗಂಟಿ, ಇವೆಲ್ಲ ಅವರ ತಾಯಿಯ ಬಾಯಲ್ಲಿ ದಿನಬಳಕೆಯ ಮಾತುಗಳು, ಮೊಮ್ಮಗಳಿಗಾದರೋ ಒಗಟುಗಳು. ಇವನ್ನು ಒಂದೆಡೆ ಬರೆದಿಡಬೇಕೆಂಬುದೇ ಆ ಆಸೆ. ಇಪ್ಪತ್ತು ವರ್ಷದಿಂದ, ಇಂದು ಬೇಡ ನಾಳೆಯೆಂದು ಮುಂದೂಡುತ್ತ ಬಂದಿದ್ದರು. ಎದೆನೋವು ಬಂದ ವಾರದಲ್ಲಿಯೇ ದಪ್ಪ ಹೊತ್ತಿಗೆಯೊಂದನ್ನು ತರಿಸಿದರು.

ಮೇಜಿನ ಮೇಲೆ ಅವರ ಕಣ್ಣೆದುರಿಗೆ ಸದಾ ಇರುತ್ತಿದ್ದುದು ಕಿಟ್ಟೆಲ್ ಮಹಾಶಯರ ನಿಘಂಟು. ಫರ್ಡಿನೆಂಡ್ ಕಿಟ್ಟೆಲ್ಲರು ೧೮೩೨ರಲ್ಲಿ ಜರ್ಮನಿಯ ಸಮುದ್ರತೀರದ ಪ್ರಾಂತವೊಂದರಲ್ಲಿ ಹುಟ್ಟಿದರು. ಅದೇ ವರ್ಷ ಲಂಡನ್ ಮಿಷನ್ನಿನ ವಿಲಿಯಂ ರೀವ್‌ರ ಕನ್ನಡ ಇಂಗ್ಲಿಷ್ ಕೋಶವು ಅಚ್ಚಾಯಿತು. ಒಬ್ಬನ ದುಡಿಮೆ ಮುಗಿದ ವರ್ಷದಲ್ಲಿ, ಅದನ್ನು ಮುಂದುವರಿಸಬೇಕಾದವನು ಸಾವಿರಾರು ಹರದಾರಿ ಆಚೆ ತೊಟ್ಟಿಲಲ್ಲಿದ್ದನೆಂಬುದು ಯೋಚಿಸತಕ್ಕ ಸಂಗತಿ. ೧೮೫೩ರಲ್ಲಿ ಬಾಸೆಲ್ ಮಿಷನ್ನಿನ ಸೇವಕರಾಗಿ ಕಿಟ್ಟೆಲ್ಲರು ಕನ್ನಡನಾಡಿಗೆ ಬಂದರು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ ಅವರ ದಿನಗಳು ಹಂಚಿಹೋದುವು. ೧೮೬೨ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸುಗಳಲ್ಲಿ ಕಟ್ಟಿ ಕಥಾಮಾಲೆಯನ್ನು ಹೊರತಂದರು. ೧೮೭೨ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಪ್ರಕಟಿಸಿದರು. ೧೮೯೪ರಲ್ಲಿ ಮಂಗಳೂರಿನಿಂದ ಮಹಾನಿಘಂಟು ಹೊರಟಿತು: ಪುಟಗಳು ಸಾವಿರದ ಏಳುನೂರಕ್ಕೂ ಮಿಕ್ಕು, ಪದಗಳು ಸುಮಾರು ಎಪ್ಪತ್ತು ಸಾವಿರ.

ಉಪಾಧ್ಯಾಯರು ಒಂದು ರಾತ್ರಿ ಕುಳಿತು ಲೆಕ್ಕ ಹಾಕಿದರು. ಆ ನಿಘಂಟಿಗೆ ಹಿಡಿದ ಕಾಲವನ್ನು ಸ್ಥೂಲವಾಗಿ ಇಪ್ಪತ್ತು ವರ್ಷವೆಂದು ಇಟ್ಟುಕೊಂಡು, ವರ್ಷಕ್ಕೆ ಮುನ್ನೂರು ದಿನಗಳ ದುಡಿಮೆಯೆಂದರೆ ಆರು ಸಾವಿರ ದಿನಗಳು. ಎಪ್ಪತ್ತು ಸಾವಿರವನ್ನು ಅದರಿಂದ ಭಾಗಿಸಿದರೆ ದಿನಕ್ಕೆ ಹನ್ನೆರಡು ಪದಗಳೂ ಆಗುವುದಿಲ್ಲ. ಬೆಟ್ಟವೆಂದು ದೂರದಿಂದ ನೋಡಿ ಬೆದರಿದ್ದುದು ಹತ್ತಿರ ಹೋಗಿ ನೋಡಿದರೆ ಹನ್ನೆರಡು ಮೆಟ್ಟಿಲು! ದಿನಕ್ಕೆ ಹನ್ನೆರಡು ಮಾತುಗಳನ್ನು ಶೋಧಿಸಿ, ಅರ್ಥವನ್ನು ನಿಶ್ಚಯಿಸಿ, ಪ್ರಯೋಗವನ್ನು ಒದಗಿಸಿ, ತಮಿಳು, ತೆಲುಗು, ಮಲೆಯಾಳ, ತುಳುಗಳಲ್ಲಿ ಅದರ ಬಂಧುಗಳನ್ನು ಹುಡುಕಿ ಕೂರಿಸುವುದು ಸುಲಭದ ಕೆಲಸವಲ್ಲ, ನಿಜ. ಆದರೆ ಅದು ಮನುಷ್ಯಸಾಧ್ಯವಾದ ಕೆಲಸ. ಕಿಟ್ಟೆಲ್ಲರಿಗೆ ದಿನವು ಇಪ್ಪತ್ತೈದು ಗಂಟೆಯದಾಗಿರಲಿಲ್ಲ. ೧೮೬೪ರಲ್ಲಿ ಅವರ ಮೊದಲ ಪತ್ನಿಯು ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡಳು. ಆ ದುಃಖದ ದಿನಗಳೂ ಅವರ ಆಯುಸ್ಸಿನ ಲೆಕ್ಕದಲ್ಲಿಯೇ ಸೇರಿದುವು. ಎಲ್ಲರಿಗೂ ದೊರೆಯುವಷ್ಟೇ ಹೊತ್ತು ಅವರಿಗೂ ದೊರೆಯಿತು. ಅವರು ಅದನ್ನು ಚೆಲ್ಲಲಿಲ್ಲ.

ಈ ಲೆಕ್ಕದಿಂದ ಉಪಾಧ್ಯಾಯರಿಗೆ ಹುರುಪು ಬಂದಿತು. ಒಂದು ವೇಳಾಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿದರು. ಐದಕ್ಕೆ ಏಳುವುದು, ಆರರಿಂದ ಎಂಟರವರೆಗೆ ಬರಹ, ಹತ್ತರಿಂದ ಒಂದರವರೆಗೆ ಬರಹ, ಮೂರರಿಂದ ಆರರವರೆಗೆ ಬರಹ. ಬಾಗಿಲು ಹಾಕಿರುತ್ತಿತ್ತು. ಮೊಮ್ಮಗಳು ಲೆಕ್ಕದ ಪುಸ್ತಕವನ್ನು ಹಿಡಿದು ಬಂದರೆ ತಂದೆಯ ಬಳಿಗೆ ಹೋಗೆನ್ನುವರು. ನೆರೆಹೊರೆಯವರು ಯೋಗಕ್ಷೇಮ ವಿಚಾರಿಸಲು ಬಂದರೆ ನಿಂತೇ ಮಾತನಾಡಿ ಕಳುಹಿಸುವರು. ಭಾನುವಾರ ಆರಾಧನೆಯನ್ನು ಮುಗಿಸಿಕೊಂಡು ಬಂದವರು ಊಟವಾದೊಡನೆ ಮತ್ತೆ ಮೇಜಿಗೆ ಕೂರುವರು.

ಒಂದು ಭಾನುವಾರ ಸೊಸೆಯು ಕಾಫಿಯ ಲೋಟವನ್ನಿಡುತ್ತ, "ಮಾವಾ, ಈ ದಿನವಾದರೂ ಬಿಡಬಾರದೆ?" ಎಂದಳು.

"ಇನ್ನೆಷ್ಟು ದಿನ ಉಂಟೋ ತಾಯಿ, ಬಿಟ್ಟರೆ ನಡೆದೀತೆ?" ಎಂದರು.

ಆಕೆಯು ತುಸು ಹೊತ್ತು ಸುಮ್ಮನಿದ್ದು, "ದಿನ ಕೊಟ್ಟವನೇ ಒಂದು ದಿನ ಬಿಡುವಾಗಿರಿ ಎಂದನಲ್ಲ, ಮಾವಾ. ಅವನಿಗೆ ಲೆಕ್ಕ ತಿಳಿಯದೆ?" ಎಂದು ಹೇಳಿ ಒಳಗೆ ಹೋದಳು. ಸೊಸೆಯ ಮಾತು ಸರಿಯೆಂದು ಅವರಿಗೆ ತೋರಿತು. ಆದರೂ ಲೇಖನಿ ನಿಲ್ಲಲಿಲ್ಲ.

ಅದೇ ಬೀದಿಯ ಕೊನೆಯ ಹಳೆಯ ಹೆಂಚಿನ ಮನೆಯಲ್ಲಿ ಒಬ್ಬ ಅಜ್ಜಿಯಿದ್ದಳು. ಎಳವೆಯಿಂದ ಪರರ ಹೊಲದಲ್ಲಿ ಕಳೆ ಕಿತ್ತು, ನಾಟಿ ಹಾಕಿ, ಕೊಯ್ದು, ತೂರಿ ಬದುಕಿದವಳು. ಆಕೆಗೆ ಓದು ಬಾರದು. ಒಂದು ಬೆಳಗ್ಗೆ ಆಕೆಯು ಸೆರಗಿನಲ್ಲಿ ಸುತ್ತಿದ ಕಾಗದಗಳೊಡನೆ ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ಪಿಂಚಣಿ ದುಡ್ಡು ಬರೋದು ನಿಂತೋಗದೆ. ಒಂದು ಅರ್ಜಿ ಬರ್ದುಕೊಡಬೇಕಾಗಿತ್ತು" ಎಂದಳು. ಆಗ ಗಂಟೆ ಹತ್ತೂಕಾಲು. "ಬರುವ ವಾರ ಬಾ ಅಜ್ಜಿ, ಬರೆದುಕೊಡೋಣ" ಎಂದರು. ಮುಂದಿನ ವಾರ ಆಕೆಯು ಮತ್ತೆ ಬಂದಳು. ಆಗಲೂ ಬರಹದ ಹೊತ್ತು. "ನಾಳಿದ್ದು ಬಾ" ಎಂದರು. ಆಕೆಯು ಬೇಸರಿಸಿಕೊಳ್ಳಲಿಲ್ಲ, "ಆಗ್ಲಿ ಸ್ವಾಮಿ, ನಿಮ್ಗೂ ಕೆಲ್ಸ ಇರ್ತದೆ" ಎಂದು ಮೆಟ್ಟಿಲಿಳಿದಳು. ನಾಳಿದ್ದು ಬರಲಿಲ್ಲ. ಹದಿನೈದು ದಿನ ಕಳೆದ ಮೇಲೆ ನೋಡಿದರೆ ಹೆಂಚಿನ ಮನೆಗೆ ಬೀಗ ಬಿದ್ದಿತ್ತು. ಅಜ್ಜಿಯು ಹಾಸಿಗೆ ಹಿಡಿದಳೆಂದೂ, ಯಶವಂತಪುರದ ಕಡೆಯಲ್ಲಿರುವ ಮಗಳು ಬಂದು ಕರೆದುಕೊಂಡು ಹೋದಳೆಂದೂ ಪಕ್ಕದವರು ಹೇಳಿದರು.

ಆ ದಿನ ಮಧ್ಯಾಹ್ನ ಹೊತ್ತಿಗೆಯನ್ನು ತೆರೆದ ಉಪಾಧ್ಯಾಯರಿಗೆ ಅಕ್ಷರವು ಸಾಗಲಿಲ್ಲ. ಮಾತುಗಳನ್ನು ಉಳಿಸಬೇಕೆಂದು ಬಾಗಿಲು ಹಾಕಿ ಕುಳಿತವರು, ಆ ಮಾತುಗಳನ್ನು ಬಾಳಿದವಳನ್ನೇ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಿದ್ದರು. ಹಲುಬೆಗೆ ಹಲ್ಲುಗಳೆಷ್ಟು, ಕಣವನ್ನು ಸಾರಿಸುವಾಗ ಹೇಳುತ್ತಿದ್ದುದೇನು, ತೂರುವುದಕ್ಕೆ ಗಾಳಿಯನ್ನು ಕಾಯುವ ಬಗೆ ಹೇಗೆ, ಇವನ್ನೆಲ್ಲ ಬಲ್ಲವಳು ಆ ಬೀದಿಯಲ್ಲಿ ಆಕೆಯೊಬ್ಬಳೇ. ಆದರೆ ಅವರನ್ನು ಹೆಚ್ಚಾಗಿ ನೋಯಿಸಿದುದು ಕಳೆದುಹೋದ ಮಾತುಗಳ ಎಣಿಕೆಯಲ್ಲ. ಆಕೆಯೊಂದು ಮಾತನ್ನೂ ಅರಿಯದವಳಾಗಿದ್ದರೂ ಆ ಅರ್ಜಿಯನ್ನು ಬರೆದುಕೊಡಬೇಕಾಗಿತ್ತು. ಅದಕ್ಕೆ ಹಿಡಿಯುತ್ತಿದ್ದುದು ಒಂದು ಗಳಿಗೆ.

ರಾತ್ರಿ ಮನೆಯ ಪ್ರಾರ್ಥನೆಯಲ್ಲಿ ಮೊಮ್ಮಗಳು ಓದಿದ ಭಾಗವು ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯ. ಯಾಯಿರನೆಂಬ ಅಧಿಕಾರಿಯ ಹನ್ನೆರಡು ವರ್ಷದ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಯೇಸುಸ್ವಾಮಿಯು ಅವನ ಮನೆಗೆ ಹೊರಟಿದ್ದಾನೆ. ಲೋಕದಲ್ಲಿ ಯಾವ ಕೆಲಸಕ್ಕಾದರೂ ಅವಸರವೆಂಬುದಿದ್ದರೆ ಆ ಕೆಲಸಕ್ಕೆ ಇರಬೇಕು. ದಾರಿಯಲ್ಲಿ ಹನ್ನೆರಡು ವರ್ಷದಿಂದ ರೋಗದಲ್ಲಿ ನರಳಿದ ಹೆಂಗಸೊಬ್ಬಳು ಜನರ ನಡುವೆ ನುಸುಳಿ ಬಂದು ಆತನ ಉಡುಪನ್ನು ಮುಟ್ಟುತ್ತಾಳೆ, ಗುಣವಾಗುತ್ತಾಳೆ. ಅಲ್ಲಿಗೆ ಆಕೆಯ ಕೆಲಸವಾಯಿತು. ಆತನು ಮುಂದೆ ನಡೆಯಬಹುದಾಗಿತ್ತು. ನಡೆಯದೆ ನಿಂತನು. ಮುಟ್ಟಿದವರು ಯಾರೆಂದು ಕೇಳಿದನು. ಆಕೆಯು ನಡುಗುತ್ತ ಬಂದು ತನ್ನ ಕಥೆಯನ್ನೆಲ್ಲ ಹೇಳುವವರೆಗೆ ಕೇಳಿದನು. ಅಷ್ಟರಲ್ಲಿ ಮಗಳು ತೀರಿದಳೆಂಬ ಸುದ್ದಿ ಬಂದಿತು. ಆ ತಂದೆಯ ಪಾಲಿಗೆ ಆ ನಿಲುಗಡೆಯು ಎಷ್ಟು ಭಾರವಾಗಿರಬೇಕು! ಆದರೂ ಅಂದು ಇಬ್ಬರಿಗೂ ಹೊತ್ತು ಸಾಕಾಯಿತು, ಹುಡುಗಿಯೂ ಎದ್ದಳು. ಮೂರು ವರ್ಷಗಳಷ್ಟೇ ಉಪದೇಶಕ್ಕೆ ಉಳಿದಿದ್ದವನು ದಾರಿಯಲ್ಲಿ ನಿಂತು ಒಬ್ಬ ಹೆಂಗಸಿನ ಪೂರ್ತಿ ಕಥೆಯನ್ನು ಕೇಳಿದನೆಂಬುದನ್ನು ಉಪಾಧ್ಯಾಯರು ನೂರು ಸಲ ಓದಿದ್ದರು, ಅಂದು ಕೇಳಿದರು.

ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಕಾಲದ ವಿಷಯವಾಗಿ ಹೇಳುವ ಬುದ್ಧಿಮಾತು ಪ್ರಸಿದ್ಧವಾದುದು. ಅಲ್ಲಿ ಅವನು ಬಳಸುವ ಗ್ರೀಕ್ ಕ್ರಿಯಾಪದವು ಸಂತೆಯ ಮಾತು: ಬೆಲೆ ಕೊಟ್ಟು ಕೊಂಡು ಬಿಡಿಸಿಕೊಳ್ಳುವುದು ಎಂದು ಅದರ ಭಾವ. ಕಾಲಕ್ಕೆ ಅವನಿಟ್ಟ ಹೆಸರೂ ಗಂಟೆಗಳ ಓಟವನ್ನು ಹೇಳುವ ಕ್ರೋನೊಸ್ ಅಲ್ಲ. ತಕ್ಕ ಸಮಯ, ಒದಗಿಬಂದ ಹೊತ್ತು ಎಂಬರ್ಥದ ಕೈರೊಸ್. ಆದುದರಿಂದ ಗಂಟೆಗಳನ್ನು ಬಿಗಿಯಾಗಿ ಕಟ್ಟಿ ಪೆಟ್ಟಿಗೆಯಲ್ಲಿಡುವುದು ಅವನ ಉಪದೇಶವಲ್ಲ. ಸಂತೆಯಲ್ಲಿ ಒಳ್ಳೆಯ ಸರಕು ಬಂದಾಗ ಹಣವನ್ನು ಬಿಚ್ಚುವ ಗೃಹಸ್ಥನಂತೆ, ಒಳ್ಳೆಯದನ್ನು ಮಾಡುವ ಹೊತ್ತು ಎದುರಿಗೆ ಬಂದಾಗ ಬೆಲೆ ತೆತ್ತು ಅದನ್ನು ಕೊಳ್ಳಬೇಕೆಂಬುದು ಅವನ ಅಭಿಪ್ರಾಯ. ಜಿಪುಣನು ಹಣವನ್ನು ಪೋಲುಮಾಡುವುದಿಲ್ಲ, ನಿಜ. ಆದರೆ ಅವನು ಏನನ್ನೂ ಕೊಳ್ಳುವುದೂ ಇಲ್ಲ. ಹೊತ್ತಿನ ವಿಷಯದಲ್ಲಿಯೂ ದುಂದುಗಾರನೊಬ್ಬ, ಜಿಪುಣನೊಬ್ಬ ಉಂಟು. ಇಪ್ಪತ್ತು ವರ್ಷ ನಾಳೆ ನಾಳೆಯೆಂದು ಮುಂದೂಡಿದವರು ದುಂದುಗಾರರಾಗಿದ್ದರು. ಬಾಗಿಲು ಹಾಕಿ ಕುಳಿತ ಆರು ತಿಂಗಳು ಜಿಪುಣರಾಗಿದ್ದರು.

ಮರುದಿನ ಬೆಳಗ್ಗೆ ಅವರು ಬಿಳಿಯ ಕಾಗದ, ಲೇಖನಿ, ಔಷಧಿಯ ಡಬ್ಬಿ ಇವಿಷ್ಟನ್ನು ಚೀಲಕ್ಕೆ ಹಾಕಿಕೊಂಡರು. ಪದಗಳ ಹೊತ್ತಿಗೆಯನ್ನು ಮೇಜಿನ ಮೇಲೆಯೇ ಬಿಟ್ಟರು. ಬಸ್ಸು ಹೆಬ್ಬಾಳದ ಬಳಿ ವಾಹನಗಳ ಸಂದಣಿಯಲ್ಲಿ ಬಹಳ ಹೊತ್ತು ನಿಂತಿತು. ಹಿಂದಿನ ವಾರವಾಗಿದ್ದರೆ ಗಡಿಯಾರವನ್ನು ನೋಡಿ ನೋಡಿ ಎದೆಯನ್ನು ನೋಯಿಸಿಕೊಳ್ಳುತ್ತಿದ್ದರು. ಅಂದು ಕಿಟಕಿಯಿಂದ ಕೆರೆಯ ನೀರಿನ ಮೇಲಿನ ಬಿಸಿಲನ್ನು ನೋಡುತ್ತ ಕುಳಿತರು. ವಿಳಾಸವನ್ನು ಕೇಳಿ ಕೇಳಿ ಮಗಳ ಮನೆಯನ್ನು ಸೇರುವಾಗ ಹೊತ್ತು ನೆತ್ತಿಗೇರಿತ್ತು.

ಅಜ್ಜಿಯು ಚಾಪೆಯ ಮೇಲೆ ಗೋಡೆಗೊರಗಿ ಕುಳಿತಿದ್ದಳು, ಬಹಳ ಬಡವಾಗಿದ್ದಳು. "ಯಾಕ್ ಸ್ವಾಮಿ, ಇಷ್ಟು ದೂರ ಈ ಬಿಸ್ಲಲ್ಲಿ ಬಂದ್ರಿ?" ಎಂದಳು.

"ಅರ್ಜಿ ಬರೆಯುವುದಿತ್ತಲ್ಲ ಅಜ್ಜಿ. ನಾನು ತಡಮಾಡಿದೆ, ತಪ್ಪಾಯಿತು" ಎಂದರು.

ಉಪಾಧ್ಯಾಯರು ತನಗೆ ತಪ್ಪೊಪ್ಪುವುದೆಂದರೇನೆಂದು ಆಕೆಗೆ ಅರ್ಥವಾಗಲಿಲ್ಲ. ಮಗಳು ಕಾಗದಪತ್ರಗಳನ್ನು ತಂದಿಟ್ಟಳು. ಹೊಸ್ತಿಲ ಬಳಿ ಕುಳಿತು ಉಪಾಧ್ಯಾಯರು ಅರ್ಜಿಯನ್ನು ಬರೆದು, ಗಟ್ಟಿಯಾಗಿ ಓದಿಹೇಳಿ, ಹೆಬ್ಬೆಟ್ಟನ್ನು ಒತ್ತಿಸಿದರು. ಕಚೇರಿಗೆ ತಾವೇ ಒಯ್ದು ಸಲ್ಲಿಸುವುದಾಗಿ ಹೇಳಿದರು. ಆ ಮೇಲೆ ಮಾತು ಎಲ್ಲೆಲ್ಲಿಗೋ ಹೋಯಿತು. ಅಜ್ಜಿಯು ತನ್ನ ಗಂಡನ ವಿಚಾರವನ್ನು ಹೇಳಿದಳು. ಎರಡು ವರ್ಷದವನಾಗಿ ಹೋದ ಮಗನ ವಿಚಾರವನ್ನು ಹೇಳಿದಳು. ಗಡಿಯಾರವಿಲ್ಲದ ಕಾಲದಲ್ಲಿ ನೆರಳು ಕಾಲಡಿಗೆ ಬಂದಾಗ ಮುದ್ದೆಯುಣ್ಣುತ್ತಿದ್ದುದನ್ನು ಹೇಳಿದಳು. ಉಪಾಧ್ಯಾಯರು ಏನನ್ನೂ ಬರೆದುಕೊಳ್ಳಲಿಲ್ಲ. ಏಳುವಾಗ, "ನಿಮ್ ಹೊತ್ತೆಲ್ಲ ಹಾಳಾಯ್ತು" ಎಂದು ಆಕೆ ನೊಂದುಕೊಂಡಳು. "ಇಲ್ಲ ಅಜ್ಜಿ" ಎಂದಷ್ಟೇ ಹೇಳಿ ಅವರು ಕೈಮುಗಿದರು.

ಅಂದಿನಿಂದ ಅವರು ಬರಹವನ್ನು ಬಿಟ್ಟರೆಂದು ತಿಳಿಯಬಾರದು. ಕ್ರೈಸ್ತನಿಗೆ ಕಾಲವು ಯಜಮಾನನು ವಹಿಸಿಕೊಟ್ಟ ಮೂಲಧನ. ಅದನ್ನು ಭಯದಿಂದ ಮಣ್ಣಿನಲ್ಲಿ ಹೂತಿಟ್ಟ ಆಳಿಗೆ ಒದಗಿದ ಗತಿಯನ್ನು ತಲಾಂತುಗಳ ಸಾಮ್ಯವು ತೋರಿಸುತ್ತದೆ. ಆದುದರಿಂದ ಬೆಳಗಿನ ಎರಡು ಗಂಟೆ ಈಗಲೂ ಹೊತ್ತಿಗೆಯದು. ಮಿಕ್ಕ ಹೊತ್ತಿಗೆ ಬಾಗಿಲು ತೆರೆದಿರುತ್ತದೆ. ಭಾನುವಾರ ಲೇಖನಿಗೆ ರಜೆ. ಆ ಸಂಜೆ ಮೊಮ್ಮಗಳೊಡನೆ ಕೆರೆಯ ಏರಿಯ ಮೇಲೆ ನಡೆಯುತ್ತಾರೆ. ವೇಳಾಪಟ್ಟಿಯು ಗೋಡೆಯ ಮೇಲೆ ಇದೆ. ಅದರ ಕೆಳಗೆ ಒಂದು ಸಾಲನ್ನು ಹೊಸದಾಗಿ ಸೇರಿಸಿದ್ದಾರೆ: ಯಾರಾದರೂ ಬಂದರೆ ಇದು ನಿಲ್ಲತಕ್ಕದ್ದು.

ಕಿಟ್ಟೆಲ್ಲರ ನಿಘಂಟನ್ನು ಈಗ ತೆರೆದಾಗ ಅವರಿಗೆ ಬೇರೊಂದು ಸಂಗತಿಯು ಕಾಣುತ್ತದೆ. ಆ ಗ್ರಂಥದಲ್ಲಿ ಕವಿಗಳ ಪ್ರಯೋಗಗಳ ಜೊತೆಗೆ ಜನರ ಗಾದೆಗಳೂ, ಆಡುಮಾತುಗಳೂ ಹೇರಳವಾಗಿವೆ. ಅವನ್ನು ಯಾರೋ ಹೇಳಿದರು. ಪರದೇಶದ ಪಾದ್ರಿಯು ಕುಳಿತು ಕೇಳಿದನು. ಹೇಳಿದವರ ಹೆಸರುಗಳು ಉಳಿದಿಲ್ಲ, ಅವರು ಕೊಟ್ಟ ಹೊತ್ತು ಮಾತ್ರ ಪುಟಗಳಾಗಿ ಉಳಿದಿದೆ. ಹಾಗೆ ನೋಡಿದರೆ ಎಪ್ಪತ್ತು ಸಾವಿರ ಪದಗಳಿಗೆ ತೆತ್ತ ಕಾಲವು ಒಬ್ಬನದಲ್ಲ.

ಮುಗಿಸಿಯೇ ಹೋಗಬೇಕೆಂಬ ಹಟವೂ ಸಡಿಲವಾಗಿದೆ. ಕಿಟ್ಟೆಲ್ಲರ ಕನ್ನಡ ವ್ಯಾಕರಣವು ಅಚ್ಚಾದುದು ೧೯೦೩ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ಕೊನೆಯ ವರ್ಷದವರೆಗೂ ದುಡಿದವರಾದರೂ ಅವರ ಕೆಲಸವು ಅವರೊಡನೆ ಮುಗಿಯಲಿಲ್ಲ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿದ ನಾಲ್ಕು ಸಂಪುಟಗಳನ್ನು ಮದರಾಸು ವಿಶ್ವವಿದ್ಯಾನಿಲಯವು ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟವು ೧೯೭೦ರಲ್ಲಿಯೂ ಎಂಟನೆಯದು ೧೯೯೫ರಲ್ಲಿಯೂ ಹೊರಬಂದುವು. ಒಬ್ಬನು ಬಿತ್ತುವನು, ಮತ್ತೊಬ್ಬನು ಕೊಯ್ಯುವನೆಂಬ ಅರ್ಥದ ಮಾತನ್ನು ಯೋಹಾನನ ಸುವಾರ್ತೆಯಲ್ಲಿ ಓದಿದಾಗಲೆಲ್ಲ ಉಪಾಧ್ಯಾಯರಿಗೆ ಹೊಲವೇ ನೆನಪಿಗೆ ಬರುತ್ತಿತ್ತು. ಈಗ ನಿಘಂಟೂ ನೆನಪಿಗೆ ಬರುತ್ತದೆ. ಬಿತ್ತುವವನಿಗೆ ತನ್ನ ಪಾಲಿನ ಸಾಲನ್ನು ನೆಟ್ಟಗೆ ಹಿಡಿಯುವುದಷ್ಟೇ ಕರ್ತವ್ಯ.

ಅವರ ಹೊತ್ತಿಗೆಯಲ್ಲಿ ಇದುವರೆಗೆ ನಾನೂರಕ್ಕೆ ಸ್ವಲ್ಪ ಕಡಮೆ ಮಾತುಗಳಾಗಿವೆ. ಅಜ್ಜಿಯು ಚೇತರಿಸಿಕೊಂಡು ಅಟ್ಟೂರಿಗೆ ಹಿಂದಿರುಗಿದ್ದಾಳೆ. ಸಂಜೆಯ ಹೊತ್ತು ಒಮ್ಮೊಮ್ಮೆ ಬಂದು ಜಗುಲಿಯ ಮೇಲೆ ಕೂರುತ್ತಾಳೆ. ಪಿಂಚಣಿಯ ಅರ್ಜಿಗೆ ಉತ್ತರವು ಇನ್ನೂ ಬಂದಿಲ್ಲ. ಎರಡನೆಯ ಅರ್ಜಿಯನ್ನೂ ಬರೆದಿದ್ದಾರೆ. ಮೊಮ್ಮಗಳು ಹಲುಬೆಯ ಚಿತ್ರವನ್ನು ಬರೆಯಲು ಹೊರಟು ಹಲ್ಲುಗಳೆಷ್ಟೆಂದು ಕೇಳಿದಾಗ, ಅಜ್ಜಿಯು ಕಣ್ಣುಮುಚ್ಚಿ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತ ಎಣಿಸುತ್ತಾಳೆ. ಆ ಎಣಿಕೆಯು ಮುಗಿಯುವವರೆಗೆ ಉಪಾಧ್ಯಾಯರು ಲೇಖನಿಯನ್ನು ಕೆಳಗಿಟ್ಟು ಕಾಯುತ್ತಾರೆ.